ಆಕಾಶದಿಂದ ಬಿದ್ದ ಪೆಟ್ಟಿಗೆ



2025ರ ಜನವರಿ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕು, ಜಲಸಂಗಿ ಗ್ರಾಮ. ಮನೆಯೊಂದರ ಮೇಲೆ ಭಾರಿ ಬಲೂನು ಬಂದು ಬಿತ್ತು, ಜೊತೆಗೊಂದು ಯಂತ್ರ. ಊರಿಗೆ ಊರೇ ಗಾಬರಿ. ನಾವು ಟಿವಿಯವರು ಇಂಥದ್ದಕ್ಕೆ ಕೊಡೋ ಹೆಸರು ಒಂದೇ: 'ನಿಗೂಢ ವಸ್ತು'. ನಾನೂ ಎಷ್ಟೋ ಸಲ ಹಾಗೇ ಕೂಗಿದ್ದೇನೆ. ಇವತ್ತು ಸ್ವಲ್ಪ ಮೆಲ್ಲಗೆ ಮಾತಾಡೋಣ.

ನಿಗೂಢ ಏನೂ ಇಲ್ಲ ಸ್ವಾಮಿ. ಅದು ಹೈದರಾಬಾದ್‌ನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಬಂದದ್ದು. ತೆಳ್ಳನೆಯ ಪ್ಲಾಸ್ಟಿಕ್, ಒಳಗೆ ಹೈಡ್ರೋಜನ್, ಕೆಳಗೆ ಉಪಕರಣ. ಮೂವತ್ತು ಕಿಲೋಮೀಟರ್ ಮೇಲಕ್ಕೂ ಹೋಗುತ್ತೆ. ಕೆಲಸ ಮುಗಿದ ಮೇಲೆ ಉಪಕರಣ ಪ್ಯಾರಾಚೂಟ್‌ನಲ್ಲಿ ಇಳಿಯುತ್ತೆ.

ಒಂದೊಂದು ಹಾರಾಟಕ್ಕೆ ಒಂದೊಂದು ಉದ್ದೇಶ. 1987ರಲ್ಲಿ ಅಹಮದಾಬಾದ್ ಮತ್ತು ಜರ್ಮನಿಯ ವಿಜ್ಞಾನಿಗಳು ಇದೇ ಹೈದರಾಬಾದ್‌ನಿಂದ ಖಾಲಿ ಸಿಲಿಂಡರ್‌ಗಳನ್ನು ಹಾರಿಸಿದರು. ಬೇರೆಬೇರೆ ಎತ್ತರದಲ್ಲಿ ಅವು ಬಾಯಿ ತೆರೆದು ಅಲ್ಲಿನ ಗಾಳಿಯನ್ನು ಹಿಡಿದು, ಕಡುಚಳಿಯಲ್ಲಿ ಹೆಪ್ಪುಗಟ್ಟಿಸಿ ತಂದವು. ಹುಡುಕಿದ್ದು ಮೀಥೇನ್, ನೈಟ್ರಸ್ ಆಕ್ಸೈಡ್, ಸಿಎಫ್‌ಸಿ. ನೂರು ಕೋಟಿ ಕಣಗಳಲ್ಲಿ ಕೆಲವೇ ಕೆಲವು ಇರುವಂಥ ಅನಿಲಗಳನ್ನೂ ಲೆಕ್ಕ ಹಾಕಿದರು. ಅದೇ ವರ್ಷ ಓಝೋನ್ ಉಳಿಸಲು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.

'ಇದೆಲ್ಲ ನಮಗ್ಯಾಕೆ?' ಅಂತ ಕಡೂರಿನ ವೀಕ್ಷಕರು ಕೇಳಬಹುದು. ಕೇಳಿ, ತಪ್ಪಿಲ್ಲ. ಕಡೂರಿನ ಹಳೇ ಫ್ರಿಜ್ಜಿನಿಂದ ಸೋರಿದ ಸಿಎಫ್‌ಸಿ, ತರೀಕೆರೆಯ ಗದ್ದೆಗೆ ಎರಚಿದ ಯೂರಿಯಾದಿಂದ ಹೊರಟ ನೈಟ್ರಸ್ ಆಕ್ಸೈಡ್, ಅಜ್ಜಂಪುರದ ಅಮೃತ್ ಮಹಲ್ ಹಸು ಮೆಲುಕು ಹಾಕುವಾಗ ಬಿಟ್ಟ ಮೀಥೇನ್, ಎಲ್ಲವೂ ಗಾಳಿ ಸೇರುತ್ತೆ. ಮೀಥೇನ್ ಹತ್ತು ಹನ್ನೆರಡು ವರ್ಷದಲ್ಲಿ ಕರಗುತ್ತೆ. ನೈಟ್ರಸ್ ಆಕ್ಸೈಡ್ ನೂರು ವರ್ಷಕ್ಕೂ ಹೆಚ್ಚು ಉಳಿದು, ನಿಧಾನವಾಗಿ ಮೇಲೇರಿ ಓಝೋನನ್ನು ಸವೆಸುತ್ತೆ. ಹಸುವನ್ನು ದೂರುತ್ತಿಲ್ಲ, ರೈತನನ್ನೂ ಅಲ್ಲ. ಅಳತೆ ಇದ್ದರೆ ತಾನೇ ಯಾವುದನ್ನು ಎಷ್ಟು ಕಡಿಮೆ ಮಾಡಬೇಕು ಅಂತ ಗೊತ್ತಾಗೋದು? ಸಿಎಫ್‌ಸಿಯನ್ನು ಜಗತ್ತೇ ಕೈಬಿಟ್ಟಿತು. ಅದಕ್ಕೆ ಧೈರ್ಯ ಕೊಟ್ಟದ್ದು ಇಂಥ ಅಳತೆಗಳೇ.

ಈಗ ಯೋಚಿಸಿ. ಅಷ್ಟು ಎತ್ತರದಿಂದ ಗಾಳಿ ತುಂಬಿಕೊಂಡು ಬಂದ ಸಿಲಿಂಡರನ್ನು ಹೊಲದಲ್ಲಿ ಯಾರೋ ಕುತೂಹಲಕ್ಕೆ ತಿರುಗಿಸಿಬಿಟ್ಟರೆ? ಎಲ್ಲ ಶ್ರಮವೂ ನೀರಿನಲ್ಲಿ ಹೋಮ.

ಆಕಾಶದಿಂದ ಪೆಟ್ಟಿಗೆ ಬಿದ್ದರೆ ಮುಟ್ಟಬೇಡಿ. ಒಳಗೆ ವಿದ್ಯುತ್ ಅಪಾಯವೂ ಇರಬಹುದು. ಅದರ ಮೇಲಿನ ಚೀಟಿ ಓದಿ, ಪೊಲೀಸ್ ಠಾಣೆಗೆ ತಿಳಿಸಿ. ಆಮೇಲೆ ನಮಗೆ ಫೋನ್ ಮಾಡಿ. 'ನಿಗೂಢ' ಅನ್ನೋ ಪದವನ್ನು ನಾನು ಬಳಸಲ್ಲ.