ಮಂಡಗದ್ದೆ ನೀರುಕಾಗೆಯ ದೂರದ ದಾಯಾದಿ



ಭದ್ರಾವತಿಯಲ್ಲಿ ಹೊಳೆ ದಾಟುವಾಗ ಬಂಡೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿ. ರೆಕ್ಕೆ ಅಗಲಿಸಿ ಬಿಸಿಲು ಕಾಯಿಸುತ್ತ ಕೂತ ಕರಿ ಹಕ್ಕಿ ಕಂಡರೆ ಅದು ನೀರುಕಾಗೆ. ಕಾಗೆಗೂ ಇದಕ್ಕೂ ನಂಟೇನಿಲ್ಲ. ಬಾತುಕೋಳಿಯ ಗರಿಗೆ ನೀರು ಅಂಟದು. ಇದರ ಗರಿ ತೊಯ್ಯುತ್ತದೆ. ತೊಯ್ದ ಮೈ ಸಲೀಸಾಗಿ ಮುಳುಗುತ್ತದೆ, ಮೀನು ಸಿಗುತ್ತದೆ. ಆಮೇಲೆ ಒಣಗಿಸಿಕೊಳ್ಳುವ ಕೆಲಸ ಇದ್ದೇ ಇದೆ.

ಇದೇ ಕುಟುಂಬದ ಒಂದು ಹಕ್ಕಿ ರಷ್ಯದ ಪೂರ್ವದಂಚಿನ ಬೇರಿಂಗ್ ದ್ವೀಪದಲ್ಲಿತ್ತು. 1741ರಲ್ಲಿ ನಾವಿಕ ವಿಟಸ್ ಬೇರಿಂಗನ ಹಡಗು ಆ ನಿರ್ಜನ ದ್ವೀಪದಲ್ಲಿ ಒಡೆಯಿತು, ಅವನು ಅಲ್ಲೇ ತೀರಿಕೊಂಡ. ಉಳಿದವರಲ್ಲೊಬ್ಬ ನಿಸರ್ಗತಜ್ಞ ಸ್ಟೆಲ್ಲರ್. ಈ ಹಕ್ಕಿಯನ್ನು ಜೀವಂತ ಕಂಡು ಬರೆದಿಟ್ಟ ವಿಜ್ಞಾನಿ ಅವನೊಬ್ಬನೇ. ಕಣ್ಣಿನ ಸುತ್ತ ಕನ್ನಡಕದಂಥ ಬಿಳಿ ಉಂಗುರ, 12ರಿಂದ 14 ಪೌಂಡ್ ತೂಕ, ಅಂದರೆ ಹತ್ತಿರ ಹತ್ತಿರ ಆರು ಕಿಲೋ. ನಮ್ಮ ಪುಟ್ಟ ನೀರುಕಾಗೆ ಅರ್ಧ ಕಿಲೋ ತೂಗಿದರೆ ಹೆಚ್ಚು! ಆ ಭಾರಕ್ಕೆ ರೆಕ್ಕೆ ಸಾಲದು. ಹಾರಾಟ ಬಲು ಕಷ್ಟ. ಹಸಿದ ಮೂವರಿಗೆ ಒಂದೇ ಹಕ್ಕಿ ಸಾಕಾಗುತ್ತಿತ್ತೆಂದು ಸ್ಟೆಲ್ಲರ್ ಬರೆದಿದ್ದಾನೆ. ಆ ಮಾತಿನಲ್ಲೇ ಹಕ್ಕಿಯ ಗತಿಯೂ ಇತ್ತು ಅನ್ನಿಸುತ್ತದೆ.

ಬೇರಿಂಗನ ಜನ ತಂದ ತುಪ್ಪಳದ ಆಸೆಗೆ ಬೇಟೆಗಾರರು ದ್ವೀಪಕ್ಕೆ ಮುಗಿಬಿದ್ದರು. ಆಮೇಲೆ ಅಲ್ಯೂಟ್ ಎಂಬ ಬುಡಕಟ್ಟಿನ ಜನರನ್ನೂ ತಂದು ನೆಲೆಗೊಳಿಸಲಾಯಿತು. ಜೇಡಿಮಣ್ಣು ಮೆತ್ತಿ, ಕಾದ ಗುಂಡಿಯಲ್ಲಿ ಹೂತು ಬೇಯಿಸುವ ಕಮ್ಚಾಟ್ಕಾದ ಮೂಲನಿವಾಸಿಗಳ ಕ್ರಮದಲ್ಲಿ ಈ ಹಕ್ಕಿ ಬಲು ರುಚಿಯೆಂದು ಸ್ಟೆಲ್ಲರನೇ ಬರೆದಿದ್ದ. 1850ರ ಸುಮಾರಿಗೆ ಹಕ್ಕಿ ಮುಗಿಯಿತು. 1882ರಲ್ಲಿ ಸ್ಟೈನೆಗರ್ ಎಂಬ ವಿಜ್ಞಾನಿ ಹುಡುಕಿಕೊಂಡು ಹೋದಾಗ, ಅದನ್ನು ಕಂಡು ಮೂವತ್ತು ವರ್ಷವಾಯಿತು ಎಂದರು ಊರವರು. ಅವನಿಗೆ ಸಿಕ್ಕಿದ್ದು ಮೂಳೆ.

ಈಗ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಮೂವತ್ತು ಕಿಲೋಮೀಟರಿನ ಮಂಡಗದ್ದೆಗೆ ಬನ್ನಿ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ಹಾವಕ್ಕಿಗಳ ಜೊತೆ ನೀರುಕಾಗೆಯೂ ಇಲ್ಲಿ ಗೂಡು ಕಟ್ಟುತ್ತದೆ. ಬೇರಿಂಗ್ ದ್ವೀಪದ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇಲ್ಲಿಯ ಹಕ್ಕಿಗೆ ಇದು ಬಾಣಂತನದ ಮನೆ, ಅಷ್ಟೆ. ಮರಿ ಬಲಿತ ಮೇಲೆ ಭದ್ರೆಯ ಹಿನ್ನೀರೂ ಆಯಿತು, ಊರೂರಿನ ಕೆರೆಯೂ ಆಯಿತು. ಆ ದಾಯಾದಿಗೆ ಬೇರೆ ಮನೆಯೇ ಉಳಿದಿರಲಿಲ್ಲ.

ಅದು ಹುಟ್ಟಾ ದ್ವೀಪವಾಸಿಯೂ ಅಲ್ಲ. 2018ರಲ್ಲಿ ಜಪಾನಿನ ವಿಜ್ಞಾನಿಗಳು ತಮ್ಮ ದೇಶದ ಉತ್ತರದ ಶಿರಿಯಾದಲ್ಲಿ ಸಿಕ್ಕ, ಸುಮಾರು 1,20,000 ವರ್ಷ ಹಳೆಯ ಮೂಳೆಗಳು ಇದೇ ಹಕ್ಕಿಯವೆಂದು ಗುರುತಿಸಿದರು. ಒಂದು ಕಾಲಕ್ಕೆ ಅದರ ಸೀಮೆ ಜಪಾನಿನವರೆಗೂ ಹರಡಿತ್ತು. ಸ್ಟೆಲ್ಲರ್ ಕಂಡದ್ದು ಅದರ ಕಡೆಯ ಮೂಲೆಯನ್ನು.