ಗೆಳೆತನದ ಋಣ



ನಾನು ಪಂಡಿತನಲ್ಲ, ಮೆಟ್ರಿಕ್ ಓದಿ ರಾಯಚೂರಿನ ಹತ್ತಿಯ ಅಡತಿ ಅಂಗಡಿಯಲ್ಲಿ ಕುಳಿತವನು. ಹಿರಿಯರ ಅಪ್ಪಣೆಯಂತೆ ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಚಾಲುಕ್ಯ ತೈಲಪನ ಕಾಲದಲ್ಲಿ ದಂಡನಾಯಕ ನಾಗದೇವನು ರಣದಲ್ಲಿ ಮಡಿದಾಗ ಕಿರಿಯ ಮಡದಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನ ಸಲುವಾಗಿ ಉಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಆಕೆಯ ಕಣ್ಣೀರಿನ ಲೆಕ್ಕವನ್ನು ನಾನಂತೂ ಎಲ್ಲಿಯೂ ಕೇಳಿಲ್ಲ.

ಅಂಥ ಒಬ್ಬ ಹೆಣ್ಣುಮಗಳನ್ನು ನಮ್ಮ ಈ ಎಡೆದೊರೆ ನಾಡಿನಲ್ಲಿಯೇ ಕಂಡೆನು. ನನ್ನ ಬಾಲ್ಯದ ಗೆಳೆಯ, ಅಂಗಡಿಯ ಪಾಲುದಾರ, ದೇವದುರ್ಗದವನು, ಹತ್ತಿಯ ಹಂಗಾಮಿನಲ್ಲಿಯೇ ಕಾಲವಾದನು. ಮಾನ್ವಿಯ ರೈತರ ಪಟ್ಟಿಗಳು ಚುಕ್ತಾ ಆಗಬೇಕಿದ್ದವು. ಮೂರನೆಯ ದಿನ ಆತನ ಮಡದಿ ಕಿರ್ದಿ ಪುಸ್ತಕವನ್ನು ನನ್ನ ಮುಂದಿಟ್ಟು, "ಅಣ್ಣಾರ, ಮೊದಲು ರೈತರ ರೊಕ್ಕ, ನಮ್ಮದು ಆಮೇಲೆ" ಎಂದಳು. ನಾನು ತಲೆಯೆತ್ತದೆ ಗೆಳೆಯನ ಅಕ್ಷರಗಳ ಮೇಲೆಯೇ ಬೆರಳಿಟ್ಟು ಲೆಕ್ಕ ಕೂಡಿಸಿದೆನು. ಎಂಟು ದಿನಗಳಲ್ಲಿ ಎಲ್ಲರ ಹಣವೂ ಸಂದಿತು.

ಆ ಎಂಟು ದಿನ ಆ ತಂಗಿಗೆ ಸಾಂತ್ವನದ ಒಂದು ಮಾತನ್ನೂ ನಾನು ಆಡಲಿಲ್ಲ. ಅದನ್ನು ಸಂಯಮವೆಂದುಕೊಂಡಿದ್ದೆನು, ಹೇಡಿತನವಿದ್ದರೂ ಇರಬಹುದು. ಈಗ ಆತನ ಮಗ ನನ್ನೊಡನೆ ಅಂಗಡಿಯಲ್ಲಿದ್ದಾನೆ. ಅವನು ಕಿರ್ದಿ ಬರೆಯುವಾಗ ಅಕ್ಷರವು ತಂದೆಯದರಂತೆಯೇ ಕಾಣುತ್ತದೆ. ಕೆಲವೊಮ್ಮೆ ನಾನು ಎದ್ದು ಹೊರಗೆ ಹೋಗುತ್ತೇನೆ.