ಮಂಗಳವಾದ್ಯವಾದ ಸ್ಯಾಕ್ಸೋಫೋನು

ವಿಜಯನಗರದಲ್ಲಾಗಲಿ ಬಸವೇಶ್ವರನಗರದಲ್ಲಾಗಲಿ ಈಚೆಗೆ ನೀವು ಮದುವೆಗೆ ಹೋಗಿದ್ದರೆ, ಧಾರೆಯ ಹೊತ್ತಿಗೆ ಡೋಲಿನ ಜೊತೆಯಲ್ಲಿ ನಾಗಸ್ವರಕ್ಕೆ ಬದಲಾಗಿ ಹಳದಿ ಲೋಹದ ಬಾಗಿದ ವಾದ್ಯವೊಂದನ್ನು ಕಂಡಿರಬಹುದು. ಅದೇ ಸ್ಯಾಕ್ಸೋಫೋನು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ನಿರ್ಮಿಸಿ 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯವದು. ಬ್ಯಾಂಡಿನವರಿಗೆ ತಕ್ಕುದು, ತೋಡಿಗೂ ಇದಕ್ಕೂ ಏನು ನಂಟು, ಎಂದು ನಾನು ಮನೆಯಲ್ಲಿ ವಾದಿಸುತ್ತಿದ್ದೆ. ಆ ವಾದವನ್ನು ಮುರಿದವರು ಕದ್ರಿ ಗೋಪಾಲನಾಥರು.

1949ರಲ್ಲಿ ಬಂಟವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಅವರ ಜನನ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗನ ಕೈಗೂ ಮೊದಲು ಬಂದದ್ದು ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠವಾಯಿತು.

ತೊಡಕು ಎಲ್ಲಿತ್ತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಗಸ್ವರದ ರಂಧ್ರಗಳು ತೆರೆದವು. ಬೆರಳನ್ನು ಅರೆ ಸರಿಸಿದರೆ ಸ್ವರವೂ ಜಾರುತ್ತದೆ. ಸ್ಯಾಕ್ಸೋಫೋನಿನಲ್ಲಾದರೋ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಯಿದೆ, ಮೆತ್ತೆಯ ಮುಚ್ಚಳವಿದೆ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಮತ್ತೊಂದು. ಗಮಕವೆಂದರೆ ಅವೆರಡರ ನಡುವಣ ದಾರಿಯೇ ಅಲ್ಲವೆ? ಹಳಗನ್ನಡ ಪದ್ಯವನ್ನು ಹುಡುಗರು ಒಣಗಲಾಗಿ ಓದುವುದನ್ನು ಇಪ್ಪತ್ತೆಂಟು ವರ್ಷ ಕೇಳಿದವನು ನಾನು. ಅಕ್ಷರವೆಲ್ಲ ಸರಿಯಿರುತ್ತದೆ, ಪದ್ಯ ಮಾತ್ರ ಇರುವುದಿಲ್ಲ! ಗೋಪಾಲನಾಥರು ಕೀಲಿಗಳಲ್ಲಿ ಮಾರ್ಪಾಟು ಮಾಡಿಕೊಂಡರು. ಉಳಿದುದನ್ನು ತುಟಿಯ ಬಿಗಿ ಸಡಿಲಗಳಿಂದಲೂ ಉಸಿರಿನಿಂದಲೂ ಸಾಧಿಸಿದರು. ಸುಮಾರು ಇಪ್ಪತ್ತು ವರ್ಷ ಹಿಡಿಯಿತಂತೆ.

1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆಗೂಡಿ ನುಡಿಸಿದರು. ಜಾಝ್ ಎಂದರೆ ಬರಿಯ ಕುಣಿತದ ಸಂಗೀತವೆಂದು ನನ್ನಂತೆ ನೀವೂ ಎಣಿಸಿದ್ದೀರೇನೋ. ಅಮೆರಿಕದ ಜಾನ್ ಕೋಲ್ಟ್ರೇನ್ ಎಂಬ ವಾದಕನು 1964ರಲ್ಲಿ ದೇವರಿಗೆ ಕಾಣಿಕೆಯೆಂದೇ ನಾಲ್ಕು ಭಾಗಗಳ ಕೃತಿಯೊಂದನ್ನು ಸ್ಯಾಕ್ಸೋಫೋನಿನಲ್ಲಿ ನುಡಿಸಿದನು. ಪಂಡಿತ ರವಿಶಂಕರರ ಮೇಲಣ ಗೌರವದಿಂದ ಮಗನಿಗೆ ರವಿ ಎಂದು ಹೆಸರಿಟ್ಟವನು ಆತ. ನಮ್ಮವರು ಆ ವಾದ್ಯವನ್ನು ಕೀರ್ತನೆಗೆ ಒಲಿಸಿಕೊಂಡುದು ಹಾಗಾದರೆ ಅಷ್ಟು ವಿಪರೀತದ ಕೆಲಸವಲ್ಲ. 1994ರಲ್ಲಿ ಲಂಡನ್ನಿನ ಪ್ರಾಮೆನೇಡ್ ಕಚೇರಿ, 2004ರಲ್ಲಿ ಪದ್ಮಶ್ರೀ, 2008ರಲ್ಲಿ ಭಾರತೀಯ ಮೂಲದ ಜಾಝ್ ವಾದಕ ರುದ್ರೇಶ ಮಹಂತಪ್ಪನವರೊಡನೆ ಒಂದು ಧ್ವನಿಮುದ್ರಿಕೆ. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಒಂದು ಕಸಿವಿಸಿ ಮಾತ್ರ ನನ್ನಲ್ಲಿ ಉಳಿದಿದೆ. ನಾಗಸ್ವರದ ಮನೆಯ ಮಗ ಗೆಲಿಸಿಕೊಟ್ಟ ವಾದ್ಯವೇ ಇಂದು ಮದುವೆ ಮಂಟಪಗಳಲ್ಲಿ ನಾಗಸ್ವರದ ಜಾಗದಲ್ಲಿ ಕುಳಿತಿದೆ. ಕಳೆದ ವೈಶಾಖದಲ್ಲಿ ನಮ್ಮ ರಾಜಾಜಿನಗರದ ಛತ್ರವೊಂದರಲ್ಲಿ ಸ್ಯಾಕ್ಸೋಫೋನಿನವರ ಬಳಿ ಹೋಗಿ, “ನಾಗಸ್ವರ ಬರುತ್ತದೆಯೆ, ಅಪ್ಪಾ?” ಎಂದು ಕೇಳಿದೆ.

“ನಮ್ಮ ತಂದೆಯವರದು ಮನೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದೆ, ಮೇಷ್ಟ್ರೇ. ಬೇಕೆಂದು ಹೇಳಿ ಕರೆಸಿದರೆ ತರುತ್ತೇವೆ” ಎಂದರು.

ಮಾಘದಲ್ಲಿ ನಮ್ಮ ಮನೆಯ ಮದುವೆಯಿದೆ. ಅವರ ವಿಳಾಸವನ್ನು ಬರೆದುಕೊಂಡು ಬಂದಿದ್ದೇನೆ.